ಫಾರ್ಮಿನಲ್ಲಿರುವ ‘ಆಧ್ಯಾತ್ಮಿಕ ಅಗತ್ಯ’ ಕಾಲಂನಲ್ಲಿ ನೀವೆಲ್ಲ ಏನು ಬರೆಯುತ್ತೀರಿ?

ನೈಟ್‌ಡ್ಯೂಟಿ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ಸ್ಟಾಫ್ ನರ್ಸ್. ನಮ್ಮ ಅಡ್ಮಿಷನ್ ಫಾರ್ಮಿನ ಎರಡನೇ ಪುಟದ ಕೊನೆಗೆ ‘ಆಧ್ಯಾತ್ಮಿಕ ಅಗತ್ಯ’ ಅಂತ ಒಂದು ಸಾಲು ಇದೆ. ಅದರ ಮುಂದೆ ಎರಡು ಪದ ಹಿಡಿಸುವಷ್ಟೇ ಜಾಗ. ಎಲ್ಲರೂ ‘ಹಿಂದೂ’ ಅಥವಾ ‘ಮುಸ್ಲಿಂ’ ಅಂತ ಬರೆದು ಮುಂದೆ ಹೋಗುತ್ತಾರೆ. ಕೆಲವರು ಅಡ್ಡಗೆರೆ ಎಳೆಯುತ್ತಾರೆ, ಅಷ್ಟೇ.

ಈಚೆಗೆ ಒಬ್ಬ ಅಜ್ಜಾರು ಹರ್ನಿಯಾ ಆಪರೇಷನ್‌ಗೆ ಬಂದಿದ್ದರು. ಗದಗ ಕಡೆಯವರು. ಬೆಳಿಗ್ಗೆ ಓಟಿಯಿಂದ ಫೋನ್ ಬಂದಾಗ ಗಡಿಬಿಡಿ. ಮೈಮೇಲಿನದ್ದೆಲ್ಲ ತೆಗೆಸಬೇಕು ಅಂತ ಚೆಕ್‌ಲಿಸ್ಟಿನಲ್ಲಿದೆ. ಹೊಸದಾಗಿ ಬಂದಿದ್ದ ಹುಡುಗ ಅಜ್ಜಾರ ಕೊರಳಿನ ಶಿವದಾರಕ್ಕೆ ಕತ್ತರಿ ಹಾಕಿ, ಲಿಂಗ ಇಡುವ ಕರಡಿಗೆಯನ್ನು ವಾಚು, ಉಂಗುರದ ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿಬಿಟ್ಟ. ಅಜ್ಜಾರು ಆಗ ಒಂದು ಮಾತೂ ಆಡಲಿಲ್ಲ. ಆಪರೇಷನ್ ಆದ ಮೇಲೂ ಆಡಲಿಲ್ಲ. ಊಟ ಕೊಟ್ಟರೆ ಮುಖ ತಿರುಗಿಸುತ್ತಿದ್ದರು. ಬಿಪಿ, ಪಲ್ಸ್ ಎಲ್ಲ ಸರಿ ಇತ್ತು. ಅನಸ್ತೇಶಿಯಾದಿಂದ ಸ್ವಲ್ಪ ಗೊಂದಲ ಇರಬಹುದು ಅಂದರು ಡ್ಯೂಟಿ ಡಾಕ್ಟರ್. ಸಂಜೆ ಸೊಸೆ ಬಂದು ಹೇಳಿದಾಗಲೇ ಗೊತ್ತಾಗಿದ್ದು: ಸಣ್ಣವರಿದ್ದಾಗ ಕಟ್ಟಿಸಿಕೊಂಡ ಲಿಂಗ ಅವರ ಮೈಬಿಟ್ಟು ಯಾವತ್ತೂ ಹೋಗಿರಲಿಲ್ಲ. ಲಿಂಗಪೂಜೆ ಆಗದೆ ಅವರು ತುತ್ತು ಮುಟ್ಟುವವರಲ್ಲ. ಅವರ ಫಾರ್ಮಿನಲ್ಲಿ ಆ ಕಾಲಂ ಮುಂದೆ ‘ಹಿಂದೂ’ ಅಂತ ನೀಟಾಗಿ ಬರೆದಿತ್ತು.

ಇದನ್ನು ನೀವು ಹೇಗೆ ಕೇಳುತ್ತೀರಿ? ಕೇಳಿದ ಮೇಲೆ ಏನು ಬರೆಯುತ್ತೀರಿ? ವಾರ್ಡಿನಲ್ಲಿ ಕೈಗೆ ಬಿಡುವೇ ಇಲ್ಲದಾಗ ಇದು ನಮ್ಮ ಕೆಲಸ ಹೌದೋ ಅಲ್ಲವೋ?

ಬೆಟಗೇರಿ_ಅಕ್ಕ

ಶಿವದಾರಕ್ಕೆ ಕತ್ತರಿ! ಓದಿ ಹೊಟ್ಟೆ ಉರಿಯಿತು ತಂಗಿ.

ನಾನು ರಿಟೈರ್ ಆಗಿದ್ದೇನೆ. ಗದಗ-ಬೆಟಗೇರಿಯಲ್ಲೇ ಜಾಸ್ತಿ ವರ್ಷ ಕೆಲಸ ಮಾಡಿದ್ದು. ನಮ್ಮ ವಾರ್ಡಿನಲ್ಲಿ ಲಿಂಗಾಯತ ಪೇಷಂಟು ಓಟಿಗೆ ಹೋಗುವುದಿದ್ದರೆ ಹಿಂದಿನ ರಾತ್ರಿಯೇ ಮಾತಾಡಿ ಇಡುತ್ತಿದ್ದೆವು. ಬೆಳಿಗ್ಗೆ ಬೇಗ ಎಬ್ಬಿಸಿ, ಕೈಕಾಲು ಮುಖ ತೊಳೆಸಿ, ಪೂಜೆಗೆ ಸ್ವಲ್ಪ ಹೊತ್ತು ಪರದೆ ಎಳೆದು ಬಿಡಬೇಕು. ಪಾದೋದಕ, ಅಂದರೆ ಪೂಜೆಯ ತೀರ್ಥ, ಮಾತ್ರ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ, ಹೊಟ್ಟೆ ಖಾಲಿ ಇರಬೇಕಲ್ಲ. ಅದನ್ನು ಮುಂಚೆಯೇ ತಿಳಿಸಿ ಹೇಳಿದರೆ ಒಪ್ಪುತ್ತಾರೆ, ಕಣ್ಣಿಗೆ ಒತ್ತಿಕೊಂಡು ಬಿಡುತ್ತಾರೆ. ಆಮೇಲೆ ಅವರ ಕೈಯಿಂದಲೇ ಬಿಚ್ಚಿಸಬೇಕು. ಹೊಸ ಬಿಳಿ ಅರಿವೆಯಲ್ಲಿ ಸುತ್ತಿ, ಅವರು ಯಾರನ್ನು ತೋರಿಸುತ್ತಾರೋ ಅವರ ಕೈಗೇ ಕೊಡಬೇಕು. ಯಾರಿಗೆ ಕೊಟ್ಟೆವು, ಎಷ್ಟು ಗಂಟೆಗೆ ಕೊಟ್ಟೆವು, ನೋಟ್ಸಿನಲ್ಲಿ ಬರೆಯಬೇಕು. ರಿಕವರಿಯಿಂದ ವಾರ್ಡಿಗೆ ಬಂದ ಕೂಡಲೇ ತಿರುಗಿ ಕೊರಳಿಗೆ. ಅದು ಸಿಗದೆ ಅವರಿಗೆ ಆಪರೇಷನ್ ಮುಗಿದ ಹಾಗೆಯೇ ಅಲ್ಲ.

ಕೆಲಸ ನಮ್ಮದಾ ಅಂತ ಕೇಳಿದೆಯಲ್ಲ, ಹೌದು, ನಮ್ಮದೇ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ. ಹಗಲು ರಾತ್ರಿ ಹಾಸಿಗೆ ಪಕ್ಕ ಇರುವವರು ನಾವು.

ಓಟಿ_ಬ್ರದರ್

ನಮ್ಮ ಕಡೆಯದ್ದೂ ಕೇಳಿ. ಲೋಹ ತೆಗೆಸಿ ಅಂತ ನಾವು ಸುಮ್ನೆ ಹೇಳುವುದಿಲ್ಲ. ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಹಚ್ಚುವಾಗ ಮೈಮೇಲೆ ಲೋಹ ತಾಗುತ್ತಿದ್ದರೆ ಸುಟ್ಟ ಗಾಯ ಆಗುವ ಅಪಾಯ ಇರುತ್ತದೆ. ಬೆರಳು ಬಾತರೆ ಉಂಗುರ, ಕಾಲುಂಗುರ ಬಿಗಿಯಾಗಿ ರಕ್ತ ಓಡುವುದಿಲ್ಲ. ಟ್ಯೂಬು ಹಾಕುವಾಗ ಕೊರಳಲ್ಲಿ ದಾರ ಇದ್ದರೆ ಅಡ್ಡ ಬರುತ್ತದೆ.

ಆದರೆ ದಾರಿ ಇದೆ. ಬೆಳ್ಳಿ ಕರಡಿಗೆ ಮನೆಯವರ ಕೈಯಲ್ಲಿರಲಿ. ಒಳಗಿನ ಲಿಂಗವನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ, ಆಪರೇಷನ್ ಜಾಗದಿಂದ ದೂರ ತೋಳಿಗೆ ಕಟ್ಟಲು ನಮ್ಮ ಸರ್ಜನ್ ಎಷ್ಟೋ ಸಲ ಒಪ್ಪಿದ್ದಾರೆ. ಮೊದಲೇ ಫೋನ್ ಮಾಡಿ ಹೇಳಿದರೆ ಸಾಕು. ಟ್ರಾಲಿ ಬಾಗಿಲಿಗೆ ಬಂದ ಮೇಲೆ ಹೇಳಿದರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಎಂಆರ್‌ಐ ಮಾತ್ರ ಬೇರೆ. ಅಲ್ಲಿ ಒಳಗೆ ಏನು ಒಯ್ಯಬಹುದು ಅನ್ನುವುದಕ್ಕೆ ಆ ರೂಮಿನ ಟೆಕ್ನಿಷಿಯನ್ ಹೇಳಿದ್ದೇ ಕೊನೆ.

ಮಾಳಮಡ್ಡಿ_ಹುಡುಗ

ನನ್ನದು ಬೇರೆ ಅಭಿಪ್ರಾಯ. ಆಸ್ಪತ್ರೆಗೆ ಹೋಗುವುದು ರೋಗ ವಾಸಿ ಮಾಡಿಕೊಳ್ಳಲಿಕ್ಕೆ. ದೇವರು ದಿಂಡರು ಮನೆಯಲ್ಲಿರಲಿ. ಇವತ್ತು ‘ನಿಮ್ಮ ದೇವರು ಯಾರು’ ಅಂತ ಕೇಳುತ್ತೀರಿ, ನಾಳೆ ‘ಯಾವ ಮಂದಿ’ ಅಂತ ಕೇಳುತ್ತೀರಿ. ನಮ್ಮ ಕಡೆ ಎರಡನೇ ಪ್ರಶ್ನೆಗೆ ಬಹಳ ದೂರ ಇಲ್ಲ. ನಾನು ದೇವರನ್ನು ನಂಬುವವನಲ್ಲ. ನಾನು ಅಡ್ಮಿಟ್ ಆದರೆ ಆ ಕಾಲಂನಲ್ಲಿ ಏನು ಬರೆಯುತ್ತೀರಿ?

ಹಾವೇರಿ_ಸ್ಟಾಫ್

@ಮಾಳಮಡ್ಡಿ_ಹುಡುಗ ಜಾತಿ ಕೇಳಬಾರದು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಪ್ಯಾಲಿಯೇಟಿವ್_ಸಿಸ್ಟರ್

@ಮಾಳಮಡ್ಡಿ_ಹುಡುಗ ನಿಮ್ಮ ಪ್ರಶ್ನೆ ಒಳ್ಳೆಯದು. ನಂಬದವರಿಗೂ ಈ ಅಗತ್ಯ ಇರುತ್ತದೆ. ನಾನು ಕೊನೆ ಹಂತದ ಕ್ಯಾನ್ಸರ್ ಪೇಷಂಟುಗಳ ಮನೆಗಳಿಗೆ ಹೋಗುವವಳು, ದಿನಾ ನೋಡುತ್ತೇನೆ.

ಬ್ಯಾಡಗಿ ಕಡೆಯ ಒಬ್ಬ ರೈತರು. ಮಾರ್ಫಿನ್ ಡೋಸ್ ಏರಿಸಿದರೂ ರಾತ್ರಿ ನಿದ್ದೆ ಇಲ್ಲ. ದೇವರ ಮಾತೆತ್ತಿದರೆ ‘ಅದೆಲ್ಲ ಬ್ಯಾಡ್ರಿ ಅಕ್ಕಾರ’ ಅನ್ನುತ್ತಿದ್ದರು. ಒಂದಿನ ಡ್ರೆಸಿಂಗ್ ಮಾಡುತ್ತ ‘ಮನಸಿಗೆ ಏನರ ಹತ್ತೇತೇನ್ರಿ ಕಾಕಾ?’ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಬೋರ್ ಹಾಕಿಸುವಾಗ ಬಾಜೂ ಹೊಲದವರ ಹತ್ತಿರ ಕೈಗಡ ತಂದಿದ್ದರಂತೆ. ಪತ್ರ ಇಲ್ಲ, ಸಾಕ್ಷಿ ಇಲ್ಲ, ಮಗನಿಗೂ ಗೊತ್ತಿಲ್ಲ. ‘ಋಣ ಇಟ್ಕೊಂಡು ಹೊಂಟೀನಲ್ಲ’ ಅಂದರು. ಅವರ ಒಪ್ಪಿಗೆ ತೆಗೆದುಕೊಂಡು ಮಗನಿಗೆ ಹೇಳಿದೆ. ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಆ ಮಗ ಸಾಲ ಮುಟ್ಟಿಸಿದ. ಸಾಲ ಕೊಟ್ಟವರೇ ಮನೆಗೆ ಬಂದು ಮಂಚದ ತುದಿಗೆ ಕೂತು, ‘ಮುಟ್ಟಿತಪಾ, ಇನ್ನ ಅದರ ಚಿಂತಿ ಬಿಡು’ ಅಂದರು. ಆಮೇಲೆ ಡೋಸ್ ಏರಿಸುವ ಪ್ರಸಂಗ ಬರಲಿಲ್ಲ.

ಇದಕ್ಕೆ ನೀವು ಬೇರೆ ಹೆಸರು ಇಡಬಹುದು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆ ಹಂತದ ರೋಗಿಗಳ ಆರೈಕೆ ಮನೆ) ಕಟ್ಟಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್ ಆದವರು. ನೋವು ಅಂದರೆ ಮೈ, ಮನಸ್ಸು, ಸಂಸಾರ, ಆತ್ಮ ನಾಲ್ಕೂ ಸೇರಿದ್ದು, ಒಂದನ್ನೇ ನೋಡಿದರೆ ಉಳಿದದ್ದು ಕಾಡುತ್ತದೆ ಅಂತ ಅವರು ಕಲಿಸಿದರು. ಆದರೆ ಕ್ರಮ ತಪ್ಪಬಾರದು. ಮೈನೋವು ಮೊದಲು ಇಳಿಸಿ. ನೋವಿನಿಂದ ಒದ್ದಾಡುವವರ ಮುಂದೆ ಕೂತು ‘ನಿಮ್ಮ ನಂಬಿಕೆ ಏನು’ ಅಂತ ಕೇಳುವುದು ದೊಡ್ಡ ಅನ್ಯಾಯ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಮಾರ್ಫಿನ್ ಲೈಸೆನ್ಸಿನ ನಿಯಮ ಸಲೀಸಾಗಿದೆ. ಆದರೂ ನಮ್ಮ ಜಿಲ್ಲೆಗಳಲ್ಲಿ ಮನೆಮಂದಿ ಅದರ ಹೆಸರು ಕೇಳಿದರೆ ಈಗಲೂ ಹೆದರುತ್ತಾರೆ.

ಮಾಳಮಡ್ಡಿ_ಹುಡುಗ

ಸಾಲದ ಮಾತು ಮನಸ್ಸಿಗೆ ತಾಗಿತು. ಹಾಗಾದರೆ ಫಾರ್ಮಿನಲ್ಲಿ ಧರ್ಮ ಅನ್ನುವ ಪದವೇ ಬೇಡ. ‘ಮನಸ್ಸಿಗೆ ಭಾರ ಆಗಿರುವುದು ಏನು’ ಅಂತ ಹಾಕಿ, ಸಾಕು.

ಬೆಟಗೇರಿ_ಅಕ್ಕ

ಸಾಲದು ತಮ್ಮಾ. ಭಾರ ಎಷ್ಟು ಮುಖ್ಯವೋ ಆಸರೆಯೂ ಅಷ್ಟೇ ಮುಖ್ಯ. ಓಟಿಗೆ ಹೋಗುವಾಗ ಆ ಅಜ್ಜಾರಿಗೆ ಭಾರ ಏನೂ ಇರಲಿಲ್ಲ. ಇದ್ದ ಒಂದು ಆಸರೆಯನ್ನು ಕಿತ್ತುಕೊಂಡರು.

ಥರ್ಡ್‌ಇಯರ್_ಧಾರವಾಡ

ನಾನು ಬಿಎಸ್ಸಿ ನರ್ಸಿಂಗ್ ಸ್ಟೂಡೆಂಟ್. ನರ್ಸಿಂಗ್ ಸಿದ್ಧಾಂತ ಬರೆದ ವರ್ಜೀನಿಯಾ ಹೆಂಡರ್ಸನ್ ಹೇಳಿದ ರೋಗಿಯ 14 ಅಗತ್ಯಗಳಲ್ಲಿ 11ನೆಯದು ತನ್ನ ನಂಬಿಕೆಯಂತೆ ಪೂಜೆ ಪ್ರಾರ್ಥನೆ ಮಾಡುವುದು. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಫಿಕಾ ಅಂತ ಒಂದು ಟೂಲ್ ಕೂಡ ಇದೆ. 1996ರಲ್ಲಿ ಅಮೆರಿಕದ ಡಾಕ್ಟರ್ ಕ್ರಿಸ್ಟಿನಾ ಪುಚಾಲ್ಸ್ಕಿ ಮಾಡಿದ್ದು. ನಂಬಿಕೆ ಏನು, ಅದು ನಿಮಗೆ ಎಷ್ಟು ಮುಖ್ಯ, ನಿಮ್ಮ ಜೊತೆ ಇರುವ ಸಮುದಾಯ ಯಾವುದು, ಆರೈಕೆಯಲ್ಲಿ ನಾವು ಏನು ಮಾಡಬೇಕು ಅಂತ ನಾಲ್ಕು ಭಾಗ. ಕೇರ್ ಪ್ಲಾನ್ ಬರೆಯುವಾಗ ಎಲ್ಲರೂ ಅದನ್ನೇ ಕಾಪಿ ಮಾಡುತ್ತೇವೆ. ಆದರೆ ವಾರ್ಡಿನಲ್ಲಿ ಒಬ್ಬ ಅಮ್ಮನಿಗೆ ‘ನಿಮ್ಮ ಜೀವನಕ್ಕೆ ಅರ್ಥ ಕೊಡುವುದು ಏನು?’ ಅಂತ ಕೇಳಿದೆ. ಅವರು ಗಾಬರಿಯಾಗಿ ಮಗಳಿಗೆ, ‘ಡಾಕ್ಟರ್ ಏನರ ಹೇಳ್ಯಾರೇನ ನನ್ನ ಬಗ್ಗೆ?’ ಅಂತ ಕೇಳಿದರು. ಪುಸ್ತಕದ ಪ್ರಶ್ನೆ ನಮ್ಮ ಮಂದಿಗೆ ಹೊಂದುವುದಿಲ್ಲ.

ಬೆಟಗೇರಿ_ಅಕ್ಕ

ಪ್ರಶ್ನೆಯಲ್ಲಿ ತಪ್ಪಿಲ್ಲ ಮಗಳೇ, ಕೇಳುವ ರೀತಿ ಬದಲಾಗಬೇಕು. ಎದುರಿಗೆ ಪೆನ್ನು ಹಿಡಿದು ನಿಂತರೆ ಯಾರಾದರೂ ಹೆದರುತ್ತಾರೆ. ಸ್ಪಾಂಜ್ ಬಾತ್ ಕೊಡುವಾಗ, ತಲೆ ಬಾಚುವಾಗ, ಡ್ರಿಪ್ ಬದಲಿಸುವಾಗ ಮಾತು ತೆಗೆ. ‘ಮನ್ಯಾಗ ಮುಂಜಾನೆ ಎದ್ದ ಕೂಡ್ಲೆ ಏನ್ ಮಾಡ್ತೀರಿ ಯವ್ವಾ?’ ಅಂತ ಕೇಳು. ಪೂಜೆ, ನಮಾಜು, ಬೈಬಲ್ಲು ಏನಿದ್ದರೂ ಈ ಒಂದು ಮಾತಿಗೆ ತಾನೇ ಹೊರಗೆ ಬರುತ್ತದೆ. ‘ಭಾಳ ಕಷ್ಟ ಬಂದಾಗ ಯಾರನ್ನ ನೆನಸ್ತೀರಿ?’ ಅಂದರೆ ದೇವರೂ ಬರಬಹುದು, ಅಣ್ಣನೂ ಬರಬಹುದು, ಮಠದ ಅಜ್ಜಾರೂ ಬರಬಹುದು. ‘ಇಲ್ಲಿ ಯಾರು ಬಂದು ಭೆಟ್ಟಿ ಆದ್ರ ಚಲೋ ಅನಸ್ತೈತಿ?’ ‘ನಾವು ಏನರ ಮಾಡೋದೈತೇನ್ರಿ?’ ನೋಡು, ನಿನ್ನ ನಾಲ್ಕೂ ಭಾಗ ಮುಗಿದವು. ಕೊನೆಯದನ್ನು ಮಾತ್ರ ಬಿಡಬೇಡ. ಜಾಸ್ತಿ ಮಂದಿ ಮೂರು ಕೇಳಿ ನಾಲ್ಕನೆಯದನ್ನು ಬಿಡುತ್ತಾರೆ. ಆಗ ಅದು ಬರೀ ವಿಚಾರಣೆ ಆಗುತ್ತದೆ, ಆರೈಕೆ ಆಗುವುದಿಲ್ಲ.

ಥರ್ಡ್‌ಇಯರ್_ಧಾರವಾಡ

ಮೇಡಂ, ಇದನ್ನು ನನ್ನ ಪ್ರಾಕ್ಟಿಕಲ್ ಪುಸ್ತಕದಲ್ಲಿ ಹೀಗೆಯೇ ಬರೆದುಕೊಂಡೆ. ತುಂಬಾ ಥ್ಯಾಂಕ್ಸ್.

ಹಳೇಹುಬ್ಬಳ್ಳಿ_ಮಗ

ನಾನು ನರ್ಸ್ ಅಲ್ಲ. ಅಬ್ಬಾಗೆ ಲಕ್ವಾ ಹೊಡೆದು ಬಹಳ ದಿನ ಆಸ್ಪತ್ರೆಯಲ್ಲಿದ್ದರು. ಬಲಗಡೆ ಕೈಕಾಲು ಆಡುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ನಮಾಜು ತಪ್ಪುತ್ತಿದೆ ಅಂತ ಅಳುತ್ತಿದ್ದರು. ಪಾರ್ಶ್ವವಾಯು ಆದವರು ಹೀಗೇ ಅಳುತ್ತಾರೆ, ಅದು ಮಿದುಳಿನ ಪರಿಣಾಮ ಅಂತ ಒಬ್ಬರು ಹೇಳಿದರು. ರಾತ್ರಿ ಪಾಳಿಯ ಸಿಸ್ಟರ್ ಮಾತ್ರ ನನ್ನನ್ನು ಹೊರಗೆ ಕರೆದು, ‘ಅವರು ದಿನಾ ಬಾಗಿಲ ಕಡೆ ಯಾಕೆ ತೋರಿಸುತ್ತಾರೆ?’ ಅಂತ ಕೇಳಿದರು. ಬಾಗಿಲು ಪಶ್ಚಿಮಕ್ಕಿತ್ತು. ನಮಾಜಿಗೆ ಮುಖ ಮಾಡುವ ದಿಕ್ಕು, ಕಿಬ್ಲಾ, ಆ ಕಡೆಗೇ.

ಅವರು ಆಯಾನ ಕರೆದು ಮಂಚ ತಿರುಗಿಸಿದರು. ಮಲಗಿದಲ್ಲೇ ಸನ್ನೆಯಿಂದ ನಮಾಜು ಮಾಡಬಹುದು, ನೀರು ತಾಗಿಸುವ ಹಾಗಿಲ್ಲದಿದ್ದರೆ ತಯಮ್ಮುಮ್ (ನೀರಿನ ಬದಲು ಶುದ್ಧ ಮಣ್ಣಿನಿಂದ ಶುದ್ಧಿ) ಮಾಡಬಹುದು. ಅದು ನಮಗೆ ಗೊತ್ತೇ ಇತ್ತು. ಆದರೆ ಆಸ್ಪತ್ರೆಯಲ್ಲಿ ಕೇಳಲು ಮುಜುಗರ. ಒಬ್ಬರು ತಾವಾಗಿ ಕೇಳಿದ್ದಕ್ಕೆ ಆ ಮುಜುಗರ ಹೋಯಿತು. ಅಳುವುದು ಪೂರ್ತಿ ನಿಲ್ಲಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಫಿಜಿಯೋಥೆರಪಿ ಮಾಡಿಸಿಕೊಳ್ಳಲು ಒಪ್ಪತೊಡಗಿದರು.

ಅಣ್ಣಿಗೇರಿ_ಬ್ರದರ್

ಅದಕ್ಕೇ ನಾನು ಫಾರ್ಮಿನ ಮೊದಲ ಪುಟದ ಧರ್ಮದ ಕಾಲಂ ನೋಡಿ ಏನನ್ನೂ ತೀರ್ಮಾನ ಮಾಡುವುದಿಲ್ಲ. ನಮ್ಮ ಭಾಗದಲ್ಲಿ ಹೆಸರು ಒಂದು, ನಡೆದುಕೊಳ್ಳುವುದು ಇನ್ನೊಂದು. ಹಿಂದೂ ಹೆಸರಿನ ಅಮ್ಮ ಶಿಶುನಾಳದ ಗದ್ದುಗೆಯ ಸಕ್ಕರೆ ಬಾಯಿಗೆ ಹಾಕಿಕೊಳ್ಳದೆ ಇಂಜೆಕ್ಷನ್ ಬೇಡ ಅನ್ನುತ್ತಾರೆ. ಮುಸ್ಲಿಂ ಹೆಸರಿನವರು ಸಿದ್ಧಾರೂಢ ಮಠದ ಫೋಟೋ ದಿಂಬಿನ ಕೆಳಗೆ ಇಟ್ಟಿರುತ್ತಾರೆ. ಮೊಹರಂನಲ್ಲಿ ಹರಕೆ ಹೊತ್ತು ಫಕೀರರಾಗುವ ಹಿಂದೂಗಳು ಎಷ್ಟು ಊರಲ್ಲಿಲ್ಲ ಹೇಳಿ. ಕೇಳಿದರಷ್ಟೇ ಗೊತ್ತಾಗುವುದು.

ಕುಂದಗೋಳ_77

ಸಿದ್ಧಾರೂಢ ಮಠದಲ್ಲಿ ಪೇಷಂಟಿನ ಕಡೆಯವರು ರಾತ್ರಿ ಉಳಿಯಬಹುದಾ? ನಮ್ಮ ಮಾವ ಹುಬ್ಬಳ್ಳಿಯಲ್ಲಿ ಅಡ್ಮಿಟ್ ಆಗಿದ್ದಾರೆ.

ಅಣ್ಣಿಗೇರಿ_ಬ್ರದರ್

ಮಠದ ಆಫೀಸಿನಲ್ಲಿ ಕೇಳಿ, ರೂಮುಗಳಿವೆ. ಪ್ರಸಾದದ ವ್ಯವಸ್ಥೆಯೂ ಇದೆ. ಶ್ರಾವಣದಲ್ಲಿ ಮತ್ತು ಶಿವರಾತ್ರಿ ಜಾತ್ರೆಯ ಹೊತ್ತಿಗೆ ಗದ್ದಲ ಜಾಸ್ತಿ.

ಜನರಲ್‌ವಾರ್ಡ್_ಡಾಕ್ಟರ್

ಒಬ್ಬ ಡಾಕ್ಟರ್ ಆಗಿ ಹೇಳುತ್ತೇನೆ, ಸಿಸ್ಟರುಗಳು ಈ ವಿಷಯ ಕೇಳಿ ಬರೆದರೆ ನಮ್ಮ ಚಿಕಿತ್ಸೆಗೇ ಅನುಕೂಲ. ಸಕ್ಕರೆ ಕಾಯಿಲೆಯ ಒಬ್ಬ ಅಮ್ಮ ಪಾದದ ಹುಣ್ಣು ವಾಸಿಯಾಗಿ ಡಿಸ್ಚಾರ್ಜ್‌ಗೆ ತಯಾರಾಗಿದ್ದರು. ಪಾದದಲ್ಲಿ ಸ್ಪರ್ಶವೇ ಇಲ್ಲ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಸಿಸ್ಟರ್ ಬಂದು, ‘ಸರ್, ಕಾಲು ಉಳಿದರೆ ಬರಿಗಾಲಲ್ಲಿ ಸವದತ್ತಿಗೆ ನಡೆದು ಬಂದು ದೀಡ ನಮಸ್ಕಾರ (ನೆಲಕ್ಕೆ ಅಡ್ಡಬೀಳುತ್ತ ಸಾಗುವುದು) ಹಾಕ್ತೀನಿ ಅಂತ ಹರಕೆ ಹೊತ್ತಿದ್ದಾರೆ’ ಅಂದರು. ಆ ಹರಕೆ ನಮಗೆ ಗೊತ್ತಾಗದೆ ಹೋಗಿದ್ದರೆ ಅದೇ ಕಾಲು ಇನ್ನೂ ಕೆಟ್ಟ ಸ್ಥಿತಿಯಲ್ಲಿ ವಾಪಸ್ ಬರುತ್ತಿತ್ತು.

ಬೇಡ ಅಂತ ಗದರಿಸಿದರೆ ಅವರು ಕೇಳುತ್ತಿರಲಿಲ್ಲ. ಸಿಸ್ಟರ್ ಅವರ ಮನೆಯ ಹಿರಿಯರನ್ನು, ಊರಿನ ಪೂಜಾರಿಯನ್ನು ಮಾತಿಗೆ ಸೇರಿಸಿದರು. ಗಾಡಿಯಲ್ಲಿ ಹೋಗಿ, ಗುಡಿಯ ಅಂಗಳದವರೆಗೆ ಮೆತ್ತನೆ ಚಪ್ಪಲಿ ಹಾಕಿ, ದೀಡ ನಮಸ್ಕಾರದ ಬದಲು ಉಡಿ ತುಂಬುವುದು ಅಂತ ಆ ಪೂಜಾರಿಯೇ ಒಪ್ಪಿಸಿದರು. ಆ ಕೆಲಸ ನನ್ನಿಂದ ಆಗುತ್ತಿರಲಿಲ್ಲ.

ರಾಣೆಬೆನ್ನೂರು_ಆಶಾ

ಶ್ರಾವಣ ಸೋಮವಾರ ಇದೇ ಕಥೆ. ಉಪವಾಸ ಹಿಡಿಯುತ್ತಾರೆ, ಸಕ್ಕರೆ ಗುಳಿಗೆ ಮಾತ್ರ ತಪ್ಪದೆ ನುಂಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ರಂಜಾನಿನಲ್ಲೂ ಹಾಗೆಯೇ ಆಗುತ್ತದೆ. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇದೆ ಅಂತ ಅವರ ಧರ್ಮದಲ್ಲೇ ಹೇಳಿದೆ, ಆದರೂ ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ಉಪವಾಸ ಹಿಡಿಯುತ್ತೀರಾ ಅಂತ ಡಿಸ್ಚಾರ್ಜ್ ದಿನವೇ ಕೇಳಿ. ಹಿಡಿಯುವವರಾದರೆ ಗುಳಿಗೆ, ಇನ್ಸುಲಿನ್ ಹೊತ್ತು ಹೇಗೆ ಅಂತ ಡಾಕ್ಟರಿಂದ ಬರೆಸಿ ಕಳಿಸಿ. ಊರಲ್ಲಿ ನಮ್ಮಂಥ ಆಶಾ ಕಾರ್ಯಕರ್ತೆಯರಿಗೆ ಅಷ್ಟು ಕಾಗದ ಸಿಕ್ಕರೆ ಸಾಕು.

ಜೈನ್_ಹುಬ್ಬಳ್ಳಿ

ನಮ್ಮದೂ ಸೇರಿಸಿ. ಸೂರ್ಯ ಮುಳುಗಿದ ಮೇಲೆ ನಮ್ಮ ಹಿರಿಯರು ಏನೂ ತೆಗೆದುಕೊಳ್ಳುವುದಿಲ್ಲ, ಕೆಲವರು ನೀರೂ ಇಲ್ಲ. ರಾತ್ರಿ 9ರ ಗುಳಿಗೆಯನ್ನು ನಮ್ಮ ಅಜ್ಜಿ ದಿಂಬಿನ ಕೆಳಗೆ ಸೇರಿಸಿ ಇಡುತ್ತಿದ್ದರು. ಕ್ಯಾಪ್ಸೂಲ್ ಹೊರಕವಚ ಜಾಸ್ತಿ ಕಡೆ ಪ್ರಾಣಿಗಳ ಎಲುಬು, ಚರ್ಮದಿಂದ ಬರುವ ಜೆಲಾಟಿನ್‌ದು. ಗೊತ್ತಾದರೆ ಬಾಯಿಗೇ ಹಾಕುವುದಿಲ್ಲ. ಹೊತ್ತು ಬದಲಿಸಲು, ಮಾತ್ರೆ ಅಥವಾ ಸಿರಪ್ ಕೊಡಲು ಆಗುತ್ತದಾ ಅಂತ ಡಾಕ್ಟರ್‌ಗೆ ಕೇಳಿ. ಕದ್ದು ಇಟ್ಟ ಗುಳಿಗೆಗಿಂತ ಅದು ಮೇಲು.

ನವನಗರ_ರೆಸಿಡೆಂಟ್

ಒಂದು ತಕರಾರು. ಆಧ್ಯಾತ್ಮ ಅಂತ ಹೇಳಿ ಮೊಬೈಲಿನಲ್ಲಿ ಜೋರಾಗಿ ಭಜನೆ ಹಾಕುವವರಿಗೆ ಏನು ಹೇಳುತ್ತೀರಿ? ಪಕ್ಕದ ಬೆಡ್ಡಿನವರಿಗೆ ನಿದ್ದೆ ಬೇಡವೇ?

ಹಾವೇರಿ_ಸ್ಟಾಫ್

ಇಯರ್‌ಫೋನ್. ಬೇರೆ ಮಾತಿಲ್ಲ. ಊದಿನಕಡ್ಡಿ, ಕರ್ಪೂರ, ದೀಪವೂ ಬೇಡ, ವಾರ್ಡಿನಲ್ಲಿ ಆಕ್ಸಿಜನ್ ಓಡುತ್ತಿರುತ್ತದೆ. ವಿಭೂತಿ, ಭಂಡಾರ ಹಣೆಗೆ ಹಚ್ಚಲಿ, ಗಾಯಕ್ಕೆ ಹಚ್ಚಬಾರದು. ತೀರ್ಥ, ಗಂಗಾಜಲ, ಜಮ್‌ಜಮ್ ನೀರು ಕೂಡ, ನುಂಗಲು ಆಗದವರಿಗೆ ಬಾಯಿಗೆ ಹಾಕಿದರೆ ಶ್ವಾಸಕ್ಕೆ ಹೋಗುತ್ತದೆ. ಹತ್ತಿಯಿಂದ ತುಟಿ ತೋಯಿಸಲು ನಾವೇ ನಿಂತು ಸಹಾಯ ಮಾಡಿದರೆ ಮನೆಯವರು ಕದ್ದು ಹಾಕುವುದಿಲ್ಲ.

ಓಟಿ_ಬ್ರದರ್

ಕೊನೆಯ ಮಾತು ಎಲ್ಲ ಐಸಿಯುಗಳ ಗೋಡೆಗೆ ಅಂಟಿಸುವಂಥದ್ದು.

ಗದಗ_ಪ್ರೇಯರ್

ನಾನು ಕ್ರೈಸ್ತ ನರ್ಸ್. ಪೇಷಂಟು ಹೆದರಿದಾಗ ‘ನಿಮಗಾಗಿ ಪ್ರಾರ್ಥನೆ ಮಾಡಲಾ?’ ಅಂತ ಕೇಳುವುದು ತಪ್ಪಾ? ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತೇನೆ.

ಮಾಳಮಡ್ಡಿ_ಹುಡುಗ

ತಪ್ಪು. ಹಾಸಿಗೆಯಲ್ಲಿ ಬಿದ್ದವರು ನಿಮಗೆ ಬೇಡ ಅನ್ನಲು ಹೆದರುತ್ತಾರೆ. ಇಂಜೆಕ್ಷನ್ ಕೊಡುವ ಕೈ ನಿಮ್ಮದೇ ಅಲ್ವಾ?

ಪ್ಯಾಲಿಯೇಟಿವ್_ಸಿಸ್ಟರ್

2008ರ ಕೊನೆಗೆ ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ದೊಡ್ಡ ಗದ್ದಲ ಆಗಿತ್ತು. ಮನೆಗಳಿಗೆ ಹೋಗುವ ಒಬ್ಬ ನರ್ಸ್ ವಯಸ್ಸಾದ ರೋಗಿಗೆ ನಿಮಗಾಗಿ ಪ್ರಾರ್ಥಿಸಲೇ ಅಂತ ಕೇಳಿದ್ದಕ್ಕೆ ಸಸ್ಪೆಂಡ್ ಆದರು. 2009ರಲ್ಲಿ ಅವರನ್ನು ಕೆಲಸಕ್ಕೆ ವಾಪಸ್ ಕರೆದರು. ನನ್ನ ನಿಲುವು ಇಷ್ಟು: ನಾವಾಗಿ ಮುಂದೆ ಮಾಡಬಾರದು. ಪೇಷಂಟೇ ಕೇಳಿದರೆ, ಅವರ ದೇವರ ಹೆಸರಿನಲ್ಲಿ, ಅವರು ಹೇಳಿದ ಹಾಗೆ ಜೊತೆಗೆ ನಿಲ್ಲಬಹುದು. ನಿಮ್ಮ ದೇವರಿಗೆ ನೀವು ಮನಸ್ಸಿನಲ್ಲಿ ಬೇಡಿಕೊಳ್ಳಿ, ಅದನ್ನು ಯಾರೂ ತಡೆಯುವುದಿಲ್ಲ. ಪ್ರಚಾರದ ಚೀಟಿ ಹಂಚುವವರು ಯಾವ ಧರ್ಮದವರೇ ಇರಲಿ, ವಾರ್ಡಿಗೆ ಬಿಡಬಾರದು. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ನೀತಿಸಂಹಿತೆ ಹೇಳುವುದೂ ರೋಗಿಯ ಮತ್ತು ಅವರ ಮನೆಯವರ ನಂಬಿಕೆಗೆ ಗೌರವ ಕೊಡಿ ಅಂತ.

ಗದಗ_ಪ್ರೇಯರ್

ಸರಿ. ಇದನ್ನು ಒಪ್ಪುತ್ತೇನೆ. ಹಾಗೆಯೇ, ಕ್ರೈಸ್ತ ಪೇಷಂಟು ಪಾದ್ರಿಯನ್ನು ಕರೆಸಿ ಅಂದಾಗ ವಿಸಿಟಿಂಗ್ ಅವರ್ಸ್ ಅಲ್ಲ ಅಂತ ಗೇಟಿನಲ್ಲೇ ತಡೆಯುವುದನ್ನೂ ನಿಲ್ಲಿಸಬೇಕು. ಕೊನೆ ಗಳಿಗೆ ಗೇಟಿನ ಟೈಮ್ ನೋಡಿ ಬರುವುದಿಲ್ಲ.

ಧಾರವಾಡ_ಸೈಕಿಯಾಟ್ರಿ

ಮಾನಸಿಕ ವಾರ್ಡಿನಿಂದ ಒಂದು ಎಚ್ಚರ. ‘ದೇವರು ನನ್ನ ಜೊತೆ ಮಾತಾಡುತ್ತಾನೆ’ ಅನ್ನುವವರೆಲ್ಲ ಭಕ್ತರೂ ಅಲ್ಲ, ರೋಗಿಗಳೂ ಅಲ್ಲ. ಊರಿನ ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದು ಅಲ್ಲಿಯ ಮಂದಿಗೆಲ್ಲ ಗೊತ್ತಿರುವ ನಡಾವಳಿ, ಮುಗಿದ ಮೇಲೆ ಅವರು ಹೊಲಕ್ಕೆ ಹೋಗಿ ಕೆಲಸ ಮಾಡುತ್ತಾರೆ. ಅದೇ ಒಬ್ಬರು ನಿದ್ದೆ ಬಿಟ್ಟು, ಊಟ ಬಿಟ್ಟು, ‘ಬಾವಿಗೆ ಹಾರು ಅಂತ ದೇವರು ಹೇಳ್ತಾನೆ’ ಅಂದರೆ ಅದು ತುರ್ತು. ವಾದ ಮಾಡಬೇಡಿ, ಹೂಂ ಅಂತಲೂ ಅನ್ನಬೇಡಿ. ‘ಅದರಿಂದ ನಿಮಗ ಹೆದರಿಕಿ ಆಗ್ತೈತೇನು?’ ಅಂತ ಕೇಳಿ, ಒಬ್ಬರನ್ನೇ ಬಿಡದೆ, ಕೂಡಲೇ ಡಾಕ್ಟರ್‌ಗೆ ತಿಳಿಸಿ. ಅವರ ಮನೆಯವರನ್ನು ‘ನಿಮ್ಮ ಊರಲ್ಲಿ ಇದು ಸಾಮಾನ್ಯವಾ?’ ಅಂತ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಾವೇರಿ_ಸ್ಟಾಫ್

ಇದರ ಜೊತೆಗೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬೆಳೆಗೆ ಹೊಡೆಯುವ ಎಣ್ಣೆ ಕುಡಿದು ಬರುವ ರೈತರು ಇದ್ದಾರೆ. ಉಳಿದುಕೊಂಡವರಿಗೆ ಎಚ್ಚರ ಬಂದ ಕೂಡಲೇ ಮನೆಯವರಿಂದ ಹಿಡಿದು ಸ್ಟಾಫ್‌ವರೆಗೆ ಎಲ್ಲರೂ ‘ಎಂಥ ಪಾಪದ ಕೆಲಸ ಮಾಡಿದಿ’ ಅಂತ ಶುರು ಮಾಡುತ್ತಾರೆ. ಅವರು ಅದಾಗಲೇ ಅದೇ ಮಾತಿನಲ್ಲಿ ಬೇಯುತ್ತಿರುತ್ತಾರೆ. ಪಾಪ ಅನ್ನುವ ಪದವನ್ನು ಆ ಹಾಸಿಗೆಯ ಹತ್ತಿರ ಆಡಲೇಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಿ, ಆರೈಕೆ ಕೊಡಿ ಅನ್ನುತ್ತದೆ. ಡಿಸ್ಚಾರ್ಜ್ ಕಾಗದದ ಮೇಲೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದು ಕೊಡುತ್ತೇನೆ. ಫ್ರೀ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾಳಮಡ್ಡಿ_ಹುಡುಗ

ಎಲ್ಲ ಸರಿ. ಮೂಢನಂಬಿಕೆಗೂ ಹೀಗೇ ತಲೆ ಬಾಗುತ್ತೀರಾ? ಎಲ್ಲಮ್ಮನ ಜಡೆ (ದೇವಿಯದೆಂದು ಬಿಟ್ಟ ಗಂಟುಗಟ್ಟಿದ ಕೂದಲು) ಇರುವ ಹೆಣ್ಣುಮಗಳಿಗೆ ತಲೆಗೆ ಪೆಟ್ಟು ಬಿದ್ದರೆ? ಜಡೆಯ ಹೆಸರಿನಲ್ಲಿ ಹುಡುಗಿಯರನ್ನು ದೇವದಾಸಿ ಮಾಡಿದ ನಾಡು ಇದು. 1982ರಲ್ಲಿ ಕಾನೂನು ತಂದೇ ಅದನ್ನು ನಿಷೇಧಿಸಬೇಕಾಯಿತು. ಅಂಥ ಜಡೆ ಕತ್ತರಿಸಲು ಒಪ್ಪಿಗೆ ಯಾಕೆ ಕೇಳಬೇಕು?

ಓಟಿ_ಬ್ರದರ್

ಎಚ್ಚರ ಇಲ್ಲ, ಜೀವ ಹೋಗುವ ಹಾಗಿದೆ ಅಂದರೆ ತಡ ಮಾಡುವುದಿಲ್ಲ. ಎಚ್ಚರ ಇದ್ದವರಿಗೆ ಒಪ್ಪಿಗೆ ಕೇಳುವುದು ಕಾನೂನು, ಕೂದಲಿಗೂ ಸೇರಿ.

ಬೆಟಗೇರಿ_ಅಕ್ಕ

ತಮ್ಮಾ, ದೇವದಾಸಿ ಪದ್ಧತಿ ಹೋಗಬೇಕು ಅನ್ನುವುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಆ ಹೋರಾಟವನ್ನು ಹಾಸಿಗೆ ಹಿಡಿದ ಹೆಂಗಸಿನ ತಲೆಯ ಮೇಲೆ, ಆಕೆಗೆ ಹೇಳದೆ ಕೇಳದೆ ಮಾಡಬೇಡ. ನಮ್ಮ ವಾರ್ಡಿಗೆ ಬಂದಿದ್ದ ಒಬ್ಬಾಕೆಯ ಜಡೆ ಮೊಣಕಾಲವರೆಗೆ ಇತ್ತು. ಒಳಗೆ ಹುಣ್ಣಾಗಿ ಹುಳು ಬಿದ್ದಿದ್ದವು. ತೆಗೆಯಲೇಬೇಕಿತ್ತು. ‘ತಾಯಿ ಸಿಟ್ಟಾಗ್ತಾಳ’ ಅಂತ ನಡುಗುತ್ತಿದ್ದಳು. ಆಕೆ ಹೇಳಿದ ಹಾಗೆ ಅರಿಷಿಣ ಹಚ್ಚಿ, ಕೈಮುಗಿದು, ಮೊದಲ ಕತ್ತರಿ ಆಕೆಯ ಅಕ್ಕನ ಕೈಯಿಂದಲೇ ಹಾಕಿಸಿದೆವು. ಕತ್ತರಿಸಿದ್ದನ್ನು ಕಸದ ಬುಟ್ಟಿಗೆ ಹಾಕದೆ ಕಟ್ಟಿ ಕೊಟ್ಟೆವು, ಗುಡ್ಡಕ್ಕೆ ಒಯ್ದು ಒಪ್ಪಿಸಿದರು. ಜಡೆ ಹೋಯಿತು, ಹುಣ್ಣು ವಾಸಿಯಾಯಿತು, ಆಕೆ ಹೆದರಿಕೊಂಡು ಮನೆಗೆ ಹೋಗಲಿಲ್ಲ. ನಿನಗೆ ಬೇಕಾದ್ದೂ ಅದೇ ಅಲ್ವಾ?

ಮಾಳಮಡ್ಡಿ_ಹುಡುಗ

ಅಕ್ಕಾರ, ಈ ದಾರಿಗೆ ನನ್ನ ವಿರೋಧ ಇಲ್ಲ.

ನೈಟ್‌ಡ್ಯೂಟಿ_ಹುಬ್ಬಳ್ಳಿ

ಎಲ್ಲವನ್ನೂ ಓದಿದೆ. ಆ ಒಂದು ಕಾಲಂ ಬದಲು ಇಷ್ಟು ಸಾಲು ಹಾಕಬೇಕು ಅಂತ ಬರೆದಿದ್ದೇನೆ, ತಿದ್ದಿ:

ದಿನಾ ತಪ್ಪದೆ ಮಾಡುವ ಪೂಜೆ, ಪ್ರಾರ್ಥನೆ, ನೇಮ ಏನಾದರೂ ಇದೆಯೇ? ಮೈಮೇಲೆ ತೆಗೆಯಬಾರದ್ದು ಏನಿದೆ, ತೆಗೆಯಲೇಬೇಕಾದರೆ ಯಾರ ಕೈಗೆ ಕೊಡಬೇಕು? ಉಪವಾಸ, ಹರಕೆ, ಊಟದ ನಿಯಮ? ಧರ್ಮ ಮತ್ತು ಪಂಗಡ? ಮನಸ್ಸಿಗೆ ಹತ್ತಿರುವ ಚಿಂತೆ? ಯಾರನ್ನು ಕರೆಸಬೇಕು? ನಾವು ಮಾಡಬೇಕಾದ್ದು, ಮತ್ತು ಮುಂದಿನ ಪಾಳಿಗೆ ಹೇಳಿದ್ದು.

ಪ್ಯಾಲಿಯೇಟಿವ್_ಸಿಸ್ಟರ್

ಚಿಂತೆಯ ಸಾಲನ್ನು ಅಡ್ಮಿಷನ್ ದಿನ ತುಂಬಿಸಲೇಬೇಕು ಅಂತ ಮಾಡಬೇಡಿ. ಮೊದಲ ದಿನ ಯಾರೂ ಬಿಚ್ಚಿ ಹೇಳುವುದಿಲ್ಲ. ಮೂರನೇ ದಿನಕ್ಕೊಮ್ಮೆ ಮತ್ತೆ ಕೇಳಿ. ಗುಟ್ಟಿನ ಮಾತು ಹೇಳಿದರೆ ಅದನ್ನು ಮಂಚಕ್ಕೆ ತೂಗುಹಾಕುವ ಫೈಲಿನಲ್ಲಿ ಬರೆಯಬೇಡಿ. ಆ ಸಾಲದ ವಿಷಯವನ್ನು ನಾನು ಎಲ್ಲೂ ಬರೆದಿರಲಿಲ್ಲ.

ಅಣ್ಣಿಗೇರಿ_ಬ್ರದರ್

‘ಪಂಗಡ’ ಬೇಡ. ಅದು ಜಾತಿ ಕಾಲಂ ಆಗಿಬಿಡುತ್ತದೆ. ಬೇಕಾದ್ದೆಲ್ಲ ಉಳಿದ ಸಾಲುಗಳಲ್ಲೇ ಬಂದಿದೆ.

ಮಾಳಮಡ್ಡಿ_ಹುಡುಗ

ಹೌದು, ಅದನ್ನು ತೆಗೆಯಿರಿ. ‘ಈ ಪ್ರಶ್ನೆಗಳು ಬೇಡ ಅಂದರು’ ಅಂತ ಒಂದು ಗುರುತು ಹಾಕುವ ಜಾಗವನ್ನೂ ಇಡಿ. ನನ್ನಂಥವರಿಗೆ.

ನೈಟ್‌ಡ್ಯೂಟಿ_ಹುಬ್ಬಳ್ಳಿ

ಧರ್ಮ, ಪಂಗಡದ ಸಾಲು ತೆಗೆದೆ. ಬೇಡ ಅಂದವರ ಜಾಗ ಸೇರಿಸಿದೆ. ಸೋಮವಾರ ಇನ್‌ಚಾರ್ಜ್ ಮೇಡಂ ಹತ್ತಿರ ಒಯ್ಯುತ್ತೇನೆ.

ಓಟಿ_ಬ್ರದರ್

ಪ್ರಿಂಟಿಂಗ್‌ಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಹ್ಯಾಂಡೋವರ್ ಪುಸ್ತಕದಲ್ಲೇ ಬರೆಯಲು ಶುರು ಮಾಡಿ. ಮತ್ತೆ ಓಟಿ ಚೆಕ್‌ಲಿಸ್ಟಿನ ಆಭರಣದ ಸಾಲಿನ ಕೆಳಗೆ ‘ಲಿಂಗ, ತಾಳಿ, ತಾಯತ, ಶಿಲುಬೆ: ಪೇಷಂಟಿಗೆ ಕೇಳಿಯೇ ತೆಗೆಯುವುದು, ಕತ್ತರಿ ಹಚ್ಚಬಾರದು’ ಅಂತ ಪೆನ್ನಿನಲ್ಲಿ ಸೇರಿಸಲು ಹೇಳಿ. ನಮ್ಮಲ್ಲಿ ನಾನೇ ಇವತ್ತು ಸೇರಿಸುತ್ತಿದ್ದೇನೆ.